ಸೆಂಡ್ ಆಫ್ ಊಟಕ್ಕೆ ಗಂಜಿ

ಭಟ್ಕಳದ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಮನೆ ಕುಮಟಾ ತಾಲೂಕಿನ ಅಘನಾಶಿನಿ ಎಂಬ ಹೊಳೆದಂಡೆಯ ಊರಿನಲ್ಲಿ. ಬೆಳಿಗ್ಗೆ ಕುಮಟೆಗೆ ಬಂದು ಭಟ್ಕಳದ ಬಸ್ಸು ಹಿಡಿಯುವುದು, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಈ ಓಡಾಟದಲ್ಲೇ ನನ್ನ ತಲೆ ಬೆಳ್ಳಗಾಯಿತು. ಸೇತುವೆ ದಾಟುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ ಇಡೀ ದಿನ ಮನಸ್ಸು ಹಗುರ. ಇಷ್ಟು ಸಣ್ಣ ವಿಷಯಕ್ಕೆ ಖುಷಿ ಪಡುವವರನ್ನು ಕಂಡರೆ ಕೆಲವರಿಗೆ ಕನಿಕರ, ಕೆಲವರಿಗೆ ಸಿಟ್ಟು. ನನ್ನ ನಾದಿನಿಗೆ ಎರಡೂ ಬರುತ್ತಿತ್ತು.

ನಾದಿನಿ ಎಂದರೆ ನನ್ನ ಗಂಡನ ಒಬ್ಬಳೇ ತಂಗಿ. ಹೊನ್ನಾವರದಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡಿದ್ದಾಳೆ, ಗಂಡನಿಗೆ ರಸ್ತೆ ಕಾಮಗಾರಿಯ ಗುತ್ತಿಗೆ. ನನ್ನ ಗಂಡ ಕುಮಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಮೊಣಕಾಲು ನೋವು ಶುರುವಾದ ಮೇಲೆ ಬಾಗಿಲು ಹಾಕಿ ಮನೆಯಲ್ಲಿದ್ದಾರೆ. ಅಣ್ಣನ ಮೇಲೆ ಅವಳಿಗೆ ಪ್ರಾಣ. ನಮ್ಮ ಮನೆಯ ಅಡುಗೆಯ ಮೇಲೆ ಮಾತ್ರ ಅಸಮಾಧಾನ. ಕಲ್ಲಂಗಡಿ ತಿಂದ ಮೇಲೆ ಅದರ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ನಾನು ದೋಸೆ ಹೊಯ್ಯುತ್ತೇನೆ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತದೆ. ಹಲಸಿನ ಬೀಜವನ್ನು ಮಣ್ಣಿನಲ್ಲಿ ಹೂತಿಟ್ಟು ಮಳೆಗಾಲದಲ್ಲಿ ತೆಗೆದು ಒಣಸಿಗಡಿಯ ಜೊತೆ ಬೇಯಿಸುತ್ತೇನೆ. ಇದನ್ನೆಲ್ಲ ಕಂಡಾಗ ಅವಳು, "ಅತ್ತಿಗೆ, ಸರ್ಕಾರ ಸಂಬಳ ಕೊಡುದಿಲ್ವಾ ನಿಮಗೆ?" ಎಂದು ಕೇಳುತ್ತಿದ್ದಳು. ಅವಳ ಪಾಲಿಗೆ ಅದು ತಮಾಷೆ. ನಾನು ಆ ತಮಾಷೆಗೆ ನಗುತ್ತಿರಲಿಲ್ಲ.

ನಾನು ನಿವೃತ್ತಳಾದದ್ದು ಮೇ ತಿಂಗಳ ಕೊನೆಯಲ್ಲಿ, ರಜೆ ಮುಗಿದು ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ. ರಜೆಯ ನಡುವೆ ಏನೋ ಕಾಗದಪತ್ರದ ಕೆಲಸಕ್ಕೆ ಶಾಲೆಗೆ ಹೋಗಿದ್ದಾಗ ಹೆಡ್ ಮಾಸ್ತರರು ನಗುತ್ತ ಎದುರು ಬಂದರು.

"ಅಕ್ಕೋರೆ, ಭಾರಿ ವ್ಯವಸ್ಥೆಯಂತೆ. ಹೊನ್ನಾವರದಲ್ಲಿ ಎಸಿ ಹಾಲ್, ಊಟ ಬಫೆಯಂತೆ."

"ಯಾರ ಮದುವೆ ಸರ್?"

"ನಿಮ್ಮ ಸೆಂಡ್ ಆಫ್ ಅಲ್ವೋ? ನಿಮ್ಮ ನಾದಿನಿ ಫೋನ್ ಮಾಡಿ ಎಷ್ಟು ಜನ ಅಂತ ಕೇಳಿದ್ರು."

ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತೆ. ನಮ್ಮ ಶಾಲೆಯಲ್ಲಿ ನಿವೃತ್ತರಾಗುವವರು ಎಲ್ಲರಿಗೂ ಊಟ ಹಾಕುವುದು ರೂಢಿ. ಮೊದಲೆಲ್ಲ ಶಾಲೆಯ ಜಗಲಿಯಲ್ಲೇ ಅನ್ನ ಸಾರು ಪಾಯಸ ಆಗುತ್ತಿತ್ತು. ಬರಬರುತ್ತ ಅದು ಹೋಟೆಲಿಗೆ ಹೋಯಿತು, ಹೋಟೆಲಿನಿಂದ ಹಾಲಿಗೆ ಹೋಯಿತು. ಒಬ್ಬರು ಗೋಬಿ ಮಂಚೂರಿ ಹಾಕಿಸಿದರೆ ಮುಂದಿನವರು ಅದರ ಜೊತೆಗೆ ಐಸ್ ಕ್ರೀಮ್ ಹಾಕಿಸಬೇಕು. ಆ ಊಟಗಳನ್ನು ನಾನೂ ಉಂಡಿದ್ದೇನೆ. ಊಟ ಕೆಟ್ಟದಾಗಿತ್ತು ಎಂದು ಹೇಳಲಾರೆ. ಆದರೆ ಪ್ಲೇಟು ಹಿಡಿದುಕೊಂಡು ಕ್ಯೂ ನಿಂತು, ಹದಿನಾರು ಬಗೆ ಬಡಿಸಿಕೊಂಡು, ಅರ್ಧವನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು ಬರುವಾಗ ಪ್ರತಿ ಸಲವೂ ನಾನು ಆ ಡ್ರಮ್ಮಿನತ್ತ ತಿರುಗಿ ನೋಡುತ್ತಿದ್ದೆ.

ವಾಪಸ್ಸು ಬರುವಾಗ ಹೊನ್ನಾವರದಲ್ಲಿ ಇಳಿದು ನಾದಿನಿಯ ಮನೆಗೆ ಹೋದೆ. ಅವಳು ಸಂಭ್ರಮದಲ್ಲಿದ್ದಳು. ಮೆನು ಹೇಳತೊಡಗಿದಳು.

"ತಂಗಿ, ಹಾಲ್ ಬೇಡ ಅಂತ ಹೇಳಿಬಿಡು. ನನ್ನ ಊಟ ನಾನೇ ಹಾಕ್ತೆ, ನನ್ನ ಮನೆಯಲ್ಲಿ," ಎಂದೆ.

"ಎಂತ ಹಾಕ್ತ್ರಿ?"

"ಗಂಜಿ."

ಅವಳು ನನ್ನ ಮುಖ ನೋಡಿದಳು. ನಾನು ಚೇಷ್ಟೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಅವಳ ಮುಖ ಕೆಂಪಾಯಿತು. "ಊರವರೆಲ್ಲ ಎಂತ ಹೇಳುದು? ತಂಗಿ ಇಷ್ಟು ದೊಡ್ಡ ಮನೆಯಲ್ಲಿದ್ದಾಳೆ, ಅತ್ತಿಗೆ ಗಂಜಿ ಹೊಯ್ದು ಕಳಿಸಿದಳು ಅಂತಲಾ? ನಿಮಗೆ ನಾಚಿಕೆ ಇಲ್ದಿದ್ರೆ ಬೇಡ, ನನಗೆ ಇದ್ದು."

"ನಾಚಿಕೆ ನಿನ್ನದು, ಊಟ ನನ್ನದು. ಎರಡನ್ನೂ ಒಟ್ಟಿಗೆ ಕಲಸುದು ಬೇಡ," ಎಂದೆ.

ಅವಳು ಚಹಾ ತಂದು ಮುಂದಿಟ್ಟಳು. ನಾನು ಚಹಾ ಕುಡಿದು ಎದ್ದು ಬಂದೆ.

ಗಂಜಿಯ ಮೇಲೆ ನನಗೆ ಹುಟ್ಟಿನಿಂದ ಪ್ರೀತಿ ಇತ್ತೆಂದು ಯಾರೂ ತಿಳಿಯಬಾರದು. ಚಿಕ್ಕಂದಿನಲ್ಲಿ ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಅಮ್ಮ ಹೊಳೆಯ ಇಳಿತದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಳು. ಅದನ್ನು ಮಾರಿ ಅಕ್ಕಿ ತಂದ ದಿನ ಗಂಜಿ ದಪ್ಪ, ತಾರದ ದಿನ ನೀರು. ಬೇರೆ ಏನೂ ಇಲ್ಲ ಎಂಬ ಕಾರಣಕ್ಕೆ ಉಣ್ಣುವ ಗಂಜಿಗೆ ರುಚಿ ಇರುವುದಿಲ್ಲ. ಬಡವರ ಊಟದ ರುಚಿಯೇ ಬೇರೆ ಎಂದು ಹೊಟ್ಟೆ ತುಂಬಿದವರು ಹೇಳುವಾಗ ನನಗೆ ಅವರ ತಟ್ಟೆ ಕಸಿದುಕೊಳ್ಳೋಣ ಅನ್ನಿಸುತ್ತದೆ. ನೌಕರಿ ಸಿಕ್ಕ ಮೊದಲ ವರ್ಷಗಳಲ್ಲಿ ನಾನು ಗಂಜಿಯ ಮುಖ ನೋಡಲಿಲ್ಲ. ಬಿಳಿ ಅಕ್ಕಿ ತಂದೆ, ಹೋಟೆಲಿನಿಂದ ಪೂರಿ ಭಾಜಿ ಕಟ್ಟಿಸಿಕೊಂಡು ಬಂದೆ. ಆಮೇಲೆ ಒಂದು ಬೇಸಿಗೆಯ ಮಧ್ಯಾಹ್ನ, ಮನೆಯಲ್ಲಿ ಎಲ್ಲವೂ ಇದ್ದಾಗ, ಯಾಕೋ ಗಂಜಿ ಬೇಯಿಸಿದೆ. ಬಟ್ಟಲಿಗೆ ಹೊಯ್ದು, ಉಪ್ಪು ಹಾಕಿ, ಮಾವಿನ ಮಿಡಿ ಕಚ್ಚಿಕೊಂಡು ಒಂದು ಗುಟುಕು ಕುಡಿದಾಗ ಅದು ನಾನೇ ಬೇಕೆಂದು ಆರಿಸಿಕೊಂಡ ಊಟವಾಗಿತ್ತು. ಅಂದಿನಿಂದ ಅದನ್ನು ಬಿಟ್ಟಿಲ್ಲ. ಅಮ್ಮ ಅದನ್ನು ನೋಡಿ, "ಸಂಬಳ ಬಂದ ಮೇಲೂ ಇದೇ ಏನೇ?" ಎಂದು ನಕ್ಕಿದ್ದಳು. ಅವಳಿಗೂ ಒಂದು ಬಟ್ಟಲು ಕೊಟ್ಟೆ. ಅವಳು ಎರಡನೆಯ ಸಲ ಹಾಕಿಸಿಕೊಂಡಳು.

ಹಾಲ್ ಬೇಡವೆಂದ ಸುದ್ದಿಯನ್ನು ಗಂಡನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡುತ್ತಿದ್ದರು. "ತಂಗಿ ಬರುದಿಲ್ಲ, ನೋಡು ಬೇಕಾದ್ರೆ," ಎಂದರು. ಕಲ್ಲುಗಳನ್ನು ಸರಿಮಾಡುತ್ತ, "ಗಂಜಿಗೆ ನಮ್ಮ ಕಗ್ಗದ ಅಕ್ಕಿಯೇ ಆಗಬೇಕು," ಎಂದರು. ಕಗ್ಗ ಎಂದರೆ ಹೊಳೆಬದಿಯ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕೆಂಪಕ್ಕಿ. ಊರಿನಲ್ಲಿ ಬೆಳೆಯುವವರು ಈಗ ಕಡಿಮೆ. ಅವರೇ ನೋಯುವ ಕಾಲಿನಲ್ಲಿ ಎರಡು ಮೂರು ಮನೆ ತಿರುಗಿ ತಂದರು.

ಊಟದ ದಿನ ಬೆಳಕು ಹರಿಯುವ ಮೊದಲೇ ಹೊಳೆಗೆ ಹೋದೆ. ಇಳಿತದ ನೀರಿನಲ್ಲಿ ಕಾಲಿಟ್ಟಾಗ ಕೆಸರು ಬೆರಳ ಸಂದಿಯಿಂದ ಮೇಲೆ ಬಂತು. ಬೆಳಚು ಹೆಕ್ಕುತ್ತಿದ್ದ ನೆರೆಮನೆಯ ಹೆಂಗಸರು, "ಅಕ್ಕೋರು ಪಗಾರ ನಿಂತ ಕೂಡ್ಲೆ ಹೊಳೆಗೆ ಇಳಿದ್ರು" ಎಂದು ನಕ್ಕರು. ನಾನೂ ನಕ್ಕೆ. ಬುಟ್ಟಿ ತುಂಬಿಸಲು ಅವರೂ ಕೈ ಹಾಕಿದರು.

ಅಂದು ಮಾಡಿದ ಅಡುಗೆ ಇಷ್ಟೇ. ದೊಡ್ಡ ತಪ್ಪಲೆಯಲ್ಲಿ ಗಂಜಿ. ತೆಂಗಿನಕಾಯಿ ಹಾಕಿ ಬೆಳಚಿನ ಸುಕ್ಕ. ಮೀನು ತಿನ್ನದವರಿಗೆ ಹುರಳಿ ಸಾರು, ಹಲಸಿನ ಬೀಜದ ಪಲ್ಯ. ಸುಟ್ಟ ಒಣಸಿಗಡಿಯ ಚಟ್ನಿ ಬೇರೆ ಪಾತ್ರೆಯಲ್ಲಿ. ಮಾವಿನ ಮಿಡಿ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿ, ಹಸಿಯಾಗಿಯೇ. ಕೊನೆಗೆ ಕುಡಿಯಲು ಮುರುಗಲು ಹಣ್ಣಿನ ಪಾನಕ, ಬೆಲ್ಲ ಹಾಕಿದ್ದು. ಕುಳಿತುಕೊಳ್ಳಲು ಚಾಪೆ.

ಶಾಲೆಯಿಂದ ಟೆಂಪೊ ಮಾಡಿಕೊಂಡು ಬಂದರು. ಎಲ್ಲರೂ ಬರಲಿಲ್ಲ. ಹೆಡ್ ಮಾಸ್ತರರಿಗೆ ಹಠಾತ್ತಾಗಿ ಮೀಟಿಂಗ್ ಬಂದಿತ್ತಂತೆ. ಇನ್ನು ಕೆಲವರಿಗೆ ಬಿಸಿಲಿನ ತಲೆನೋವು. ಗಂಜಿ ಎಂದು ಮೊದಲೇ ಸುದ್ದಿಯಾಗಿತ್ತು. ಬಂದವರಲ್ಲಿ ಒಬ್ಬ ಮಾಸ್ತರರು ಚಾಪೆಯ ಮೇಲೆ ಕೂರುತ್ತ, "ಅಕ್ಕೋರು ಪೆನ್ಶನ್ ಉಳಿತಾಯ ಇಂದೇ ಶುರು ಮಾಡಿದ್ರು" ಎಂದರು. ಕೆಲವರು ನಕ್ಕರು.

ನಾನು ಗಂಜಿ ಬಡಿಸುತ್ತಿದ್ದ ಕೈ ನಿಲ್ಲಿಸಿದೆ. "ಹೌದು ಮಾಸ್ತರೆ. ಬೇಕಾದ್ರೆ ಎದ್ದು ಹೋಗಿ ಹೊನ್ನಾವರದಲ್ಲಿ ಉಣ್ಣಿ, ನನಗೆ ಬೇಜಾರಿಲ್ಲ. ಆದ್ರೆ ಕೂತು ಉಂಡ್ರೆ ಬಿಟ್ಟು ಏಳುದು ಬೇಡ. ನನ್ನ ಮನೆಯಲ್ಲಿ ಎಸೆಯುವ ಡ್ರಮ್ ಇಲ್ಲ."

ಅವರು ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಗಿದ ಮುಖದಲ್ಲೇ ಉಂಡರು.

ಬಡಿಸಿ ಮುಗಿಸಿ ನಾನೂ ಕೂತಾಗ ಪಕ್ಕದಲ್ಲಿದ್ದವರು ನಮ್ಮ ಶಾಲೆಯ ಉರ್ದು ಟೀಚರ್. ಭಟ್ಕಳದ ನವಾಯತ ಮುಸ್ಲಿಮರು, ನನಗಿಂತ ಸ್ವಲ್ಪ ಚಿಕ್ಕವರು. ಅವರು ಬರುವಾಗ ಬಾಳೆಲೆಯಲ್ಲಿ ಸುತ್ತಿ ಅಕ್ಕಿ ರೊಟ್ಟಿ ತಂದಿದ್ದರು. ಸಿಗಡಿ ಚಟ್ನಿ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಅಕ್ಕೋರೆ, ನಮ್ಮ ಮನೆಯಲ್ಲೂ ಇದೇ. ನೆಂಟರು ಬಂದ್ರೆ ಮಾತ್ರ ನಮ್ಮ ಅಮ್ಮ ಇದನ್ನ ಕಪಾಟಿನ ಒಳಗೆ ಮುಚ್ಚಿ ಇಡ್ತಿದ್ರು," ಎಂದರು.

"ನೀವೂ ಇಡ್ತ್ರಾ?"

"ಇಡ್ತೆ," ಎಂದು ಅವರು ನಕ್ಕರು. "ಬಿರಿಯಾನಿ ಮುಂದೆ ಇಡುದು, ಇದನ್ನ ಹಿಂದೆ."

ಅದನ್ನು ಕೇಳಿ ಸಾಲಿನ ಆಚೆ ತುದಿಯಲ್ಲಿದ್ದ ವಿಜ್ಞಾನದ ಟೀಚರ್ ತಮ್ಮ ಮನೆಯಲ್ಲಿ ಹಲಸಿನ ತೊಳೆಯ ಸುತ್ತಲಿನ ನಾರು, ಅಂದರೆ ರಚ್ಚೆಯಿಂದ ಪಲ್ಯ ಮಾಡುವ ಬಗೆ ಹೇಳಿದರು. ಮತ್ತೊಬ್ಬರು ತಂಗಳನ್ನಕ್ಕೆ ಈರುಳ್ಳಿ ಹಾಕಿ ಉಣ್ಣುವ ವಿಷಯ ತೆಗೆದರು. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಉಂಡವರು ನಾವು. ಮನೆಯಲ್ಲಿ ನಿಜವಾಗಿ ಏನು ಉಣ್ಣುತ್ತೇವೆಂದು ಅಂದೇ ಮೊದಲ ಸಲ ಹೇಳಿಕೊಂಡೆವು. ತಮಾಷೆ ಮಾಡಿದ ಮಾಸ್ತರರು ಪಾನಕ ಒಂದು ಲೋಟ ಹೆಚ್ಚು ಕುಡಿದರು.

ಇನ್ನೊಂದು ಮಾತು ಹೇಳಬೇಕು. ಹೊಸದಾಗಿ ಬಂದ ಯುವ ಶಿಕ್ಷಕಿಯೊಬ್ಬಳು ಒಲೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದಳು. "ಮೇಡಂ, ನೀವು ಹೋಮ್ ಸ್ಟೇ ಮಾಡ್ಬೇಕು. ಇಂಥ ಊಟಕ್ಕೆ ಗೋಕರ್ಣಕ್ಕೆ ಬರೋ ಟೂರಿಸ್ಟುಗಳು ಸಾಯ್ತಾರೆ. ನೀವು ಹೇಳಿ, ನಾನು ವಿಡಿಯೊ ಮಾಡ್ತೀನಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ನನಗೆ ಮಾತ್ರ ಮಾಸ್ತರರ ಮಾತಿಗಿಂತ ಇದೇ ಹೆಚ್ಚು ಚುಚ್ಚಿತು. ಗಂಜಿಯನ್ನು ಮುಚ್ಚಿಡಬೇಕು ಎನ್ನುವವರು ಒಂದು ಕಡೆ, ಮಾರಬೇಕು ಎನ್ನುವವರು ಇನ್ನೊಂದು ಕಡೆ. ಸುಮ್ಮನೆ ಉಣ್ಣುವವಳಿಗೆ ಇಬ್ಬರೂ ಜಾಗ ಬಿಡುವುದಿಲ್ಲ.

"ಇಲ್ಲ ಮಗಾ," ಎಂದೆ. "ಇಷ್ಟು ವರ್ಷ ಸಂಬಳಕ್ಕೆ ಕೆಲಸ ಮಾಡಿದ್ದು ಸಾಕು. ಇದು ನಾನು ಉಣ್ಣುವ ಊಟ. ನಿನಗೆ ಬೇಕಾದಾಗ ಬಾ, ಉಂಡು ಹೋಗು. ಫೋಟೊ ಬೇಡ."

ಅವಳು ಫೋನು ಚೀಲಕ್ಕೆ ಹಾಕಿ ತಟ್ಟೆ ಹಿಡಿದು ಬಂದಳು.

ಎಲ್ಲರೂ ಹೋದ ಮೇಲೆ, ನಾನು ಪಾತ್ರೆ ತೊಳೆಯುತ್ತಿದ್ದಾಗ, ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ನಾದಿನಿ. ರೇಷ್ಮೆ ಸೀರೆ ಉಟ್ಟಿದ್ದಳು. ಬೆಳಿಗ್ಗೆ ಬರಲೆಂದೇ ಉಟ್ಟು, ಬೇಡವೆಂದು ಕೂತು, ಸಂಜೆ ಮನಸ್ಸು ತಡೆಯದೆ ಹೊರಟಿರಬೇಕು. ಜಗಲಿ ಹತ್ತಲಿಲ್ಲ.

"ಆತಾ ನಿಮ್ಮ ಗಂಜಿ ಊಟ?"

"ಆತು. ಬಾ, ನಿನಗೂ ಇಟ್ಟಿದ್ದೆ."

"ನನಗೆ ಬೇಡ. ನನ್ನ ಮನೆಯವರ ಹತ್ರ ನಾನು ಎಂತ ಹೇಳುದು ಅಂತ ಯೋಚನೆ ಮಾಡಿದ್ರಾ ನೀವು? ಚಿಕ್ಕಂದಿನಲ್ಲಿ ಇದೇ ಗಂಜಿ ಕುಡಿದು ಬೆಳೆದದ್ದು ನಾನೂ ಅಣ್ಣನೂ. ಇನ್ನು ಅದರ ಹತ್ತಿರ ಹೋಗುದಿಲ್ಲ ಅಂತ ಅಂದುಕೊಂಡು ಆ ಮನೆ ಕಟ್ಟಿಸಿದ್ದು. ನೀವು ಅದನ್ನೇ ತಂದು ಎಲ್ಲರ ಎದುರು ಇಟ್ರಿ."

ಅವಳ ಧ್ವನಿ ಒಡೆಯಿತು. ನನಗೆ ಅವಳ ಮಾತು ಅರ್ಥವಾಗಲಿಲ್ಲವೆಂದಲ್ಲ. ನಾನೂ ಅದೇ ಗಂಜಿಯಿಂದ ಓಡಿದವಳು. ಅವಳು ಇನ್ನೂ ಓಡುತ್ತಿದ್ದಾಳೆ, ನಾನು ನಿಂತಿದ್ದೇನೆ, ಅಷ್ಟೇ. ಆದರೂ ಕ್ಷಮೆ ಕೇಳಬೇಕೆಂದು ನನಗೆ ಅನ್ನಿಸಲಿಲ್ಲ. "ನೀನು ಉಣ್ಣುದು ಬೇಡ," ಎಂದೆ. "ಆದ್ರೆ ನಾನು ಉಂಡದ್ದಕ್ಕೆ ಅಳುದೂ ಬೇಡ."

ನನ್ನ ಗಂಡ ಹಿತ್ತಲಿನಿಂದ ಬಂದು ಅಂಗಳದಲ್ಲಿ ತಂಗಿಯ ಪಕ್ಕ ನಿಂತರು. ಇಬ್ಬರೂ ಸ್ವಲ್ಪ ಹೊತ್ತು ಮೆಲ್ಲಗೆ ಏನೋ ಮಾತಾಡಿದರು. ಅವಳು ಜಡೆ ಹೆಣೆದ ಈರುಳ್ಳಿ ಕಟ್ಟೊಂದನ್ನು ಮಾತ್ರ ಅಣ್ಣನ ಕೈಯಿಂದ ಇಸಿದುಕೊಂಡು ಕಾರು ಹತ್ತಿದಳು.

ಈಗಲೂ ಅವಳು ನಮ್ಮ ಮನೆಗೆ ಬಂದರೆ ಚಹಾ ಬಿಟ್ಟು ಏನೂ ಮುಟ್ಟುವುದಿಲ್ಲ. ನಾನು ಅವಳ ಮನೆಗೆ ಹೋದರೆ ಪನೀರು ಬಡಿಸುತ್ತಾಳೆ. ನಾನು ಸಂತೋಷದಿಂದ ಉಣ್ಣುತ್ತೇನೆ. ಪನೀರಿನ ಮೇಲೆ ನನಗೆ ಹಗೆ ಇಲ್ಲ. ಬಟ್ಟಲು ಒರೆಸಿದ ಹಾಗೆ ಉಂಡು ಏಳುವುದು ನೋಡಿ ಅವಳಿಗೆ ಮತ್ತೆ ಸಿಟ್ಟು.

ಮಳೆ ನಿಂತ ಮೇಲೆ ಒಂದು ಸೋಮವಾರ ನಾನೂ ಗಂಡನೂ ಗೇರುಸೊಪ್ಪಕ್ಕೆ ಹೋದೆವು. ಅಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಸೋಮವಾರ ಶಾಲೆಗೆ ಹೋಗಬೇಕಾಗಿಲ್ಲ ಎಂಬುದೇ ಕಾರಣ. ಬಸ್ಸಿನಲ್ಲಿ ಗಂಡ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಡಲಿಲ್ಲ, ಅದಕ್ಕೊಂದು ಸಣ್ಣ ಜಗಳವೂ ಆಯಿತು. ಹೊಳೆದಂಡೆಯ ಮರದ ನೆರಳಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಾಗ ನಾದಿನಿಯ ಫೋನು ಬಂತು.

"ಎಲ್ಲಿದ್ರಿ ಅತ್ತಿಗೆ?"

"ಗೇರುಸೊಪ್ಪ. ಉಣ್ತಾ ಇದ್ದೆವು."

"ಹೋಟೆಲಲ್ಲಾ?"

"ಹೊಳೆ ದಂಡೆಯಲ್ಲಿ."

ಅವಳು ಉಸಿರುಬಿಟ್ಟದ್ದು ಕೇಳಿಸಿತು. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ, "ಎಂತ ಪದಾರ್ಥ?"

"ಹಲಸಿನ ಬೀಜ, ಒಣಸಿಗಡಿ."

"ಅಣ್ಣನಿಗೆ ಖಾರ ಆಗುದಿಲ್ಲ, ಗೊತ್ತಲ್ಲ?"

"ಗೊತ್ತು. ಕಡಿಮೆ ಹಾಕಿದ್ದೆ."

"ಆತು," ಎಂದು ಫೋನು ಇಟ್ಟಳು. ಗಂಡ ತಮ್ಮ ಪಾಲು ಮುಗಿಸಿ ನನ್ನ ಡಬ್ಬಿಯತ್ತ ಕೈ ಚಾಚಿದ್ದರು. ನಾನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಉಳಿದದ್ದನ್ನು ಉಂಡೆ.