ಗೂಡಿನ ಕೋಲು ಕಿತ್ತ ಮಾವಶಿ

ಪಕ್ಕದ ಮನೆಯಾಕೆಯನ್ನು ಚಿಕ್ಕಮ್ಮನೆಂಬಂತೆ ಎಲ್ಲರೂ ಮಾವಶಿ ಎನ್ನುತ್ತಿದ್ದರು; ಅವರು ಕುಪವಾಡದ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದರು. ಯಾರ ಕಷ್ಟ ಕೇಳಿದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಂಜಬ್ಯಾಡ ತಂಗಿ" ಎನ್ನುತ್ತಿದ್ದರು.

ನನ್ನ ಐದು ಕೋಳಿಗಳು ಸೊರಗಿ ಮೊಟ್ಟೆ ಇಡುವುದನ್ನು ನಿಲ್ಲಿಸಿದವು; ಒಂದು ಸತ್ತಿತು. ಎರಡು ಸಲ ಅವುಗಳ ಮೈಗೆ ಹೇನಿನ ಪುಡಿ ಹಾಕಿದರೂ ಗುಣವಾಗಲಿಲ್ಲ. ಉಳಿದವನ್ನು ಮಾರಿಬಿಡುತ್ತೇನೆಂದು ಅವರೆದುರು ಅಳತೊಡಗಿದೆ.

ಮಾವಶಿ ಕೋಳಿಗಳನ್ನು ಮುಟ್ಟಲೇ ಇಲ್ಲ. ಅವು ಕೂರುವ ಕೋಲನ್ನೇ ಗೂಡಿನಿಂದ ಕಿತ್ತು, ಬಿಸಿಲಿಗೆ ತಂದು ಕುಟ್ಟಿದರು. ಅದರ ಸೀಳಿನಿಂದ ಚುಕ್ಕಿಯಷ್ಟು ಕೆಂಪು ನುಸಿಗಳು ಉದುರಿದವು.

"ಅಂಜಬ್ಯಾಡ ತಂಗಿ. ಇವು ಹಗಲೆಲ್ಲ ಇಲ್ಲಿ ಅಡಗತಾವು, ರಾತ್ರಿ ಬಂದು ರಕ್ತ ಹೀರತಾವು."

ಕೋಲು ಸುಟ್ಟು, ಗೂಡಿಗೆ ಕುದಿಯುವ ನೀರು ಸುರಿದು ಸುಣ್ಣ ಬಳಿದು, ಹೊಸ ಕೋಲು ಕಟ್ಟಿದೆವು. ವಾರ ಬಿಟ್ಟು ಮತ್ತೆ ಬಿಸಿನೀರು ಸುರಿದು ಸುಣ್ಣ ಬಳಿದೆವು.

ಒಂದು ಬೆಳಿಗ್ಗೆ, ತಿಂಗಳಿಂದ ಕಾಣದಿದ್ದ ಮೊಟ್ಟೆ ಸಿಕ್ಕಿತು. ಓಡಿಹೋಗಿ ಅವರ ಅಂಗೈಯಲ್ಲಿಟ್ಟೆ. ಮಾವಶಿ ಅದನ್ನು ಕೆನ್ನೆಗೆ ಒತ್ತಿಕೊಂಡು ನಕ್ಕರು: "ಇನ್ನೂ ಬೆಚ್ಚಗ ಐತಿ!"