ಆರು ಗುಡ್, ಒಂದು ವೆರಿ ಗುಡ್

ನನಗೆ ಹೊಗಳಲು ಬರುವುದಿಲ್ಲ. ಇದನ್ನು ನಾನು ಒಪ್ಪಿಕೊಂಡದ್ದು ಈಚೆಗೆ. ನನ್ನ ಹೆಂಡತಿ ಗಿರಿಜಾ ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಲೇ ಇದ್ದಾಳೆ. ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವನು. ಅವಳ ತವರಿನಲ್ಲಿ ಉಪ್ಪಿಟ್ಟು ಸುಮಾರಾಗಿದ್ದರೂ 'ಭಾರಿ ಆಗೇತಿ' ಎಂದು ಬೀದಿಗೆ ಕೇಳುವಂತೆ ಹೇಳುತ್ತಾರೆ. ನಮ್ಮ ಕಡೆ ಹೋಳಿಗೆ ಬಾಯಲ್ಲಿ ಕರಗಿಹೋದರೂ ಎಲೆ ಮಡಿಸುತ್ತಾ 'ಪರವಾಗಿಲ್ಲ' ಎನ್ನುತ್ತೇವೆ. ಮದುವೆಯಾದ ಹೊಸದರಲ್ಲಿ ಅವಳು ಮಾಡಿದ ಸಾರಿಗೆ ನಾನು ಪರವಾಗಿಲ್ಲ ಎಂದಾಗ ಅವಳು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ಆಗ ನಾನು ಮೂರನೆಯ ಸಲ ಬಡಿಸಿಕೊಳ್ಳುತ್ತಿದ್ದೆ.

ಪರವಾಗಿಲ್ಲ ಎಂಬುದು ವಿಚಿತ್ರವಾದ ಮಾತು. ಅದರ ಮೊದಲರ್ಧ ಪಾರಸಿ ಕಡೆಯಿಂದ ಬಂದದ್ದು, ಚಿಂತೆ ಎಂದು ಅರ್ಥ ಎನ್ನುತ್ತಾರೆ ತಿಳಿದವರು. ಅಂದರೆ ಪರವಾಗಿಲ್ಲ ಎಂದವನು ಸಾರಿನ ಬಗ್ಗೆ ಏನೂ ಹೇಳಲಿಲ್ಲ; ತನಗೆ ಸದ್ಯಕ್ಕೆ ಚಿಂತೆಯಿಲ್ಲ ಎಂದು ತನ್ನ ಆರೋಗ್ಯದ ವರದಿ ಕೊಟ್ಟ, ಅಷ್ಟೆ. ಬಸ್ಸಿನಲ್ಲಿ ಕಾಲು ತುಳಿದವರಿಗೂ ಪರವಾಗಿಲ್ಲ, ಜ್ವರ ಬಿಟ್ಟಿತೇ ಎಂದು ಕೇಳಿದವರಿಗೂ ಪರವಾಗಿಲ್ಲ, ಮಗ ತರಗತಿಗೆ ಮೊದಲನೆಯವನಾದರೂ ಪರವಾಗಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ದೃಷ್ಟಿಯಾದೀತು, ಇಲ್ಲವೇ ಹುಡುಗ ಹೊಗಳಿಕೆಯಿಂದ ಅಟ್ಟಕ್ಕೇರಿಯಾನು ಎಂಬ ಭಯ. ನಾವು ಪರದೇಶಕ್ಕೆ ಬಂದು ನೆಲೆಸಿರುವ ಸ್ಟರ್ಲಿಂಗ್ ಊರಿನ ಮನೆಯ ಅಟ್ಟದಲ್ಲಿ ಖಾಲಿ ಸೂಟ್‌ಕೇಸುಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಹೊಗಳಿಕೆಯಿಂದ ಅಲ್ಲಿಗೆ ಏರಿದವರನ್ನು ನಾನು ಇದುವರೆಗೂ ಕಂಡಿಲ್ಲ.

ಇದೆಲ್ಲ ಗಂಡಹೆಂಡಿರ ನಡುವಿನ ಸಾರಿನ ವಿಷಯವಾಗಿಯೇ ಉಳಿಯುತ್ತಿತ್ತು, ಧೃತಿ ಬಂದು ನನ್ನನ್ನು ಶಿಫಾರಸು ಪತ್ರ ಕೇಳದೆ ಇದ್ದಿದ್ದರೆ.

ಧೃತಿಗೆ ಹದಿನೇಳು ವರ್ಷ. ಕ್ಲಾರ್ಕ್ಸ್‌ಬರ್ಗಿನ ಹುಡುಗಿ. ಅವಳ ತಾಯಿ ವೀಣಾ ನಮ್ಮ ಕನ್ನಡ ಕೂಟದ ವಾರ್ಷಿಕ ನಾಟಕದಲ್ಲಿ ಪಾತ್ರ ಮಾಡುತ್ತಾರೆ. ಆ ನಾಟಕಗಳನ್ನು ಬರೆದು ಆಡಿಸುವ ಅಪರಾಧಿ ನಾನು. ತಾಲೀಮು ನಡೆಯುವುದು ವೀಣಾ ಅವರ ಬೇಸ್‌ಮೆಂಟಿನಲ್ಲಿ. ನಮ್ಮ ಊರಿಗೂ ಅವರ ಊರಿಗೂ ನಡುವೆ ನದಿ ಇದೆ. ಕಾರು ದಾಟಿಸುತ್ತಿದ್ದ ದೋಣಿ ನಿಂತುಹೋದ ಮೇಲೆ ನಾನು ಸೇತುವೆಯವರೆಗೆ ಸುತ್ತು ಹಾಕಿ ಹೋಗಬೇಕು. ಅಂತೂ ಹನ್ನೊಂದು ವರ್ಷ ಹೋಗಿದ್ದೇನೆ. ಮೊದಮೊದಲು ಧೃತಿ ಮೆಟ್ಟಿಲ ಮೇಲೆ ಕುಳಿತು ನಮ್ಮನ್ನು ನೋಡಿ ನಗುತ್ತಿದ್ದಳು. ಆಮೇಲೆ ನಾಟಕಗಳಿಗೆ ಪರದೆ ಎಳೆದಳು. ಕಳೆದ ಎರಡು ನಾಟಕಗಳಿಗೆ ರಂಗಸಜ್ಜಿಕೆ ಪೂರ್ತಿ ಅವಳದೇ.

ಆ ಹುಡುಗಿಗೆ ಆರ್ಕಿಟೆಕ್ಚರ್ ಓದಬೇಕು. ಇಲ್ಲಿರುವ ನಮ್ಮವರಲ್ಲಿ ಆರ್ಕಿಟೆಕ್ಟುಗಳಿಗೆ ಬರವಿಲ್ಲ, ಎಲ್ಲರೂ ಕಂಪ್ಯೂಟರಿನವರು. ನನ್ನ ಕಾರ್ಡಿನ ಮೇಲೂ ಡೇಟಾ ಆರ್ಕಿಟೆಕ್ಟ್ ಎಂದೇ ಇದೆ. ಮಗಳು ಆರ್ಕಿಟೆಕ್ಟ್ ಆಗುತ್ತಾಳಂತೆ ಎಂದು ವೀಣಾ ಹೇಳಿದಾಗ ನಮ್ಮ ಗೆಳೆಯರೊಬ್ಬರು 'ಕ್ಲೌಡಾ, ಸೆಕ್ಯೂರಿಟಿಯಾ?' ಎಂದು ಕೇಳಿದರು. ಇಟ್ಟಿಗೆ, ಕಿಟಕಿ, ಬಾಗಿಲು ಇರುವ ಮನೆ ಕಟ್ಟುವವರು ಇನ್ನೂ ಇದ್ದಾರೆ ಎಂಬುದು ಅವರಿಗೆ ಹೊಳೆಯಲಿಲ್ಲ. ಧೃತಿ ನಾಲ್ಕೈದು ಕಡೆ ಅರ್ಜಿ ಹಾಕಿದ್ದಳು. ಅವುಗಳಲ್ಲಿ ಅವಳು ಮನಸ್ಸಿಟ್ಟದ್ದು ಕೆರೊಲಿನಾದ ಒಂದು ವಿಶ್ವವಿದ್ಯಾಲಯದ ಐದು ವರ್ಷದ ಪದವಿಯ ಮೇಲೆ. ಅವರಿಗೆ ಮಾತ್ರ, ಶಾಲೆಯ ಹೊರಗೆ ಅವಳ ಕೆಲಸ ಕಂಡ ಒಬ್ಬರ ಪತ್ರವೂ ಬೇಕಾಗಿತ್ತು.

"ಅಂಕಲ್, ನೀವು ಬರೀತೀರಾ? ಟೀಚರ್ ಅಲ್ಲ, ಅದರ್ ಅಡಲ್ಟ್, ಬೇರೆ ಯಾರಾದ್ರೂ ದೊಡ್ಡವರು ಬೇಕು. ನನ್ನ ಸೆಟ್ ನೀವು ನೋಡಿದ್ದೀರಲ್ಲ" ಎಂದಳು.

ಬರೀತೀನಿ ಎಂದೆ. ಹೇಳಿದ ಮೇಲೆ ಸ್ವಲ್ಪ ನಾಚಿಕೆಯಾಯಿತು, ಏಕೆಂದರೆ ನಾನು ಬೆಳೆದ ಕಾಲದಲ್ಲಿ ಶಿಫಾರಸು ಎಂದರೆ ಮರ್ಯಾದಸ್ಥರು ಜೋರಾಗಿ ಆಡುವ ಮಾತಾಗಿರಲಿಲ್ಲ. ಅದು ಯೋಗ್ಯತೆ ಸಾಲದವರು ಹಿಡಿಯುವ ಹಿಂಬಾಗಿಲು. 'ಈ ಪತ್ರ ತಂದಿರುವವರು ನಮಗೆ ಬೇಕಾದವರು' ಎಂಬ ಒಂದು ಸಾಲು, ಕೆಳಗೆ ಓದಲಾಗದ ಸಹಿ. ಪತ್ರ ತಂದವರಿಗೆ ಏನು ಬರುತ್ತದೆ ಎಂಬುದನ್ನು ಬರೆಯುವ ಪದ್ಧತಿಯೇ ಇರಲಿಲ್ಲ, ಬರೆದರೆ ಕೆಲಸ ಕೆಡುತ್ತಿತ್ತು. ಇಲ್ಲಿ ಅದೇ ಮುಂಬಾಗಿಲು, ಅದೂ ಕಡ್ಡಾಯ.

ವಿಶ್ವವಿದ್ಯಾಲಯದಿಂದ ನನಗೆ ಒಂದು ಕೊಂಡಿ ಬಂತು. ತೆರೆದರೆ, ಪತ್ರವನ್ನು ಓದುವ ಹಕ್ಕನ್ನು ಅಭ್ಯರ್ಥಿ ಬಿಟ್ಟುಕೊಟ್ಟಿದ್ದಾಳೆ ಎಂಬ ಒಕ್ಕಣೆ ಮೊದಲು ಕಂಡಿತು. ಅಂದರೆ ನಾನು ಏನು ಬರೆದರೂ ಅವಳಿಗೆ ಕಾಣಿಸುವುದಿಲ್ಲ. ಕೆಳಗೆ ಒಂದು ಕೋಷ್ಟಕ. ಕಲ್ಪನೆ, ಪರಿಶ್ರಮ, ಪ್ರಾಮಾಣಿಕತೆ ಎಂದು ಏಳು ಸಾಲು. ಆವರೇಜ್, ಗುಡ್, ವೆರಿ ಗುಡ್, ಎಕ್ಸಲೆಂಟ್ ಎಂದು ಕಾಲಂಗಳು. ನಾನು ಒಂದು ಲೋಟ ಕಾಫಿ ಇಟ್ಟುಕೊಂಡು ನ್ಯಾಯಾಧೀಶನಂತೆ ಕುಳಿತೆ. ಕಲ್ಪನೆಗೆ ಗುಡ್. ಪರಿಶ್ರಮಕ್ಕೆ ಗುಡ್. ಹೀಗೆ ಆರಕ್ಕೆ ಗುಡ್ ಹಾಕಿ, ಪ್ರಾಮಾಣಿಕತೆಗೆ ಉದಾರನಾಗಿ ವೆರಿ ಗುಡ್ ಹಾಕಿದೆ. ಎಕ್ಸಲೆಂಟ್ ಕಡೆಗೆ ಕೈ ಹೋಗಲಿಲ್ಲ. ಗರ್ಭಗುಡಿಯ ಬಾಗಿಲಿನಂತೆ ಅದು ಇರುವುದು ನೋಡುವುದಕ್ಕೆ, ಒಳಗೆ ಹೋಗುವುದಕ್ಕಲ್ಲ ಎಂದು ನನ್ನ ನಂಬಿಕೆ.

ನನ್ನ ಪರವಾಗಿ ಒಂದು ಮಾತು. ನಾನು ಶಾಲೆ ಬಿಟ್ಟಾಗ ಕೊಟ್ಟ ವರ್ಗಾವಣೆ ಪತ್ರದಲ್ಲಿ ನಡತೆ ಎಂಬ ಜಾಗದಲ್ಲಿ 'ಗುಡ್' ಎಂದು ಬರೆದಿತ್ತು. ನನ್ನ ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಹೆಡ್‌ಮಾಸ್ಟರರ ಸೈಕಲ್ಲಿಗೆ ಕಲ್ಲು ಹೊಡೆದವನಿಗೂ ಅದೇ ಗುಡ್ ಬರೆದಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಆದರೂ ಗುಡ್ ಎಂಬುದು ನನ್ನ ಮನಸ್ಸಿನಲ್ಲಿ ಬೀರುವಿನಲ್ಲಿ ಇಡುವ ವಸ್ತುವಾಗಿಯೇ ಉಳಿಯಿತು. ಪತ್ರದ ಇಂಗ್ಲಿಷೂ ಆ ಬೀರುವಿನಿಂದಲೇ ಬಂತು. ಈಕೆಯನ್ನು ನಾನು ಹನ್ನೊಂದು ವರ್ಷಗಳಿಂದ ಬಲ್ಲೆ, ಗೌರವಸ್ಥ ಮನೆತನದವಳು, ಸನ್ನಡತೆಯವಳು, ಈಕೆಯ ಕೆಲಸ ತೃಪ್ತಿಕರ, ಮುಂದಿನ ಬಾಳಿನಲ್ಲಿ ಯಶಸ್ಸು ಕೋರುತ್ತೇನೆ. ಸುಧಾರಿಸಬೇಕಾದ ಅಂಶಗಳು ಎಂಬಲ್ಲಿ, ಎರವಲು ಪಡೆದ ಡ್ರಿಲ್ ಯಂತ್ರವನ್ನು ಹಿಂದಿರುಗಿಸಲು ತಡ ಮಾಡುತ್ತಾಳೆ ಎಂದು ಪ್ರಾಮಾಣಿಕವಾಗಿ ಬರೆದೆ. ಕಳುಹಿಸುವ ಗುಂಡಿ ಒತ್ತಿದೆ. ಒಂದು ಪುಣ್ಯದ ಕೆಲಸ ಮುಗಿಯಿತು ಎನಿಸಿತು.

ಒಂದು ವಾರದ ಮೇಲೆ, ಶನಿವಾರ ಊಟದ ಹೊತ್ತಿಗೆ, ಇದನ್ನು ಗಿರಿಜಾಗೆ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕೊಚ್ಚಿಕೊಂಡೆ. ಅವಳು ಮಕ್ಕಳ ಡಾಕ್ಟರು. ಕೈಕೆಳಗೆ ಕಲಿಯುವವರಿಗೆ ವರ್ಷವರ್ಷವೂ ಇಂಥ ಪತ್ರ ಬರೆಯುತ್ತಾಳೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಗುಡ್ ಅಂದ್ರ ಇಲ್ಲೆ ಏನ್ ಅರ್ಥ ಗೊತ್ತೈತೇನ್ರಿ? ಈ ಹುಡುಗಿ ನಮಗ ಬ್ಯಾಡ, ನಿಮಗೂ ಬ್ಯಾಡ ಅಂತ. ತೃಪ್ತಿಕರ ಅಂತ ಬರದೀರಲ್ಲ, ಅದು ಇನ್ನೂ ಕೆಟ್ಟ. ಡ್ರಿಲ್ ಮಷಿನ್ ಬ್ಯಾರೆ."

 ನಾನು ತಟ್ಟೆಯನ್ನು ಬದಿಗೆ ಸರಿಸಿದೆ. ಗುಟ್ಟಾಗಿ ಕೊಟ್ಟ ಏಟು ಎಂದರೆ ಇದೇ. ಹೊಡೆದವನಿಗೆ ಗೊತ್ತಿಲ್ಲ, ತಿಂದವಳಿಗೆ ಕಾಣುವುದಿಲ್ಲ. ಮೆಟ್ಟಿಲ ಮೇಲೆ ಕುಳಿತು ಬೆಳೆದ ಹುಡುಗಿ ನಂಬಿ ಓದುವ ಹಕ್ಕನ್ನೇ ಬಿಟ್ಟುಕೊಟ್ಟಿದ್ದಳು. ಅವಳಿಗೆ ಆ ಸೀಟು ತಪ್ಪಿದರೆ ನನ್ನಿಂದಲೇ ತಪ್ಪಬಹುದು ಎಂದು ಯೋಚಿಸಿ ಭಯವಾಯಿತು.

ಸೋಮವಾರ ಆ ವಿಶ್ವವಿದ್ಯಾಲಯದ ಕಚೇರಿಗೆ ಫೋನ್ ಮಾಡಿದೆ. ಗಡುವಿಗೆ ಇನ್ನೂ ಮೂರು ದಿನವಿತ್ತು. ದಕ್ಷಿಣದ ರಾಗದಲ್ಲಿ ಮಾತಾಡುವ ಒಬ್ಬ ಹೆಂಗಸು ತಾಳ್ಮೆಯಿಂದ ಕೇಳಿದರು. ನಾನು ಗುಡ್ ಹಾಕಿದ್ದೇನೆ, ಆದರೆ ನಮ್ಮ ಭಾಷೆಯಲ್ಲಿ ಅದು ಬಹಳ ದೊಡ್ಡ ಮಾತು ಎಂದೆ. ಯಾವ ಭಾಷೆ ಎಂದು ಕೇಳಿದರು. ಹೇಳಿದೆ. ಕೋಷ್ಟಕ ತಿದ್ದಲು ಬರುವುದಿಲ್ಲ, ಬೇಕಾದರೆ ಇನ್ನೊಂದು ಪತ್ರ ಕಳುಹಿಸಿ, ಕಡತಕ್ಕೆ ಸೇರಿಸುತ್ತೇವೆ ಎಂದರು.

ಎರಡನೆಯ ಪತ್ರ ಬರೆಯಲು ಕುಳಿತಾಗ ನನ್ನ ನಿಜವಾದ ಬಡತನ ತಿಳಿಯಿತು. ಔಟ್‌ಸ್ಟ್ಯಾಂಡಿಂಗ್ ಎಂದು ಬರೆದೆ, ಅಳಿಸಿದೆ. ಅಸಾಧಾರಣ ಎಂದು ಬರೆದೆ, ಕಿವಿ ಬಿಸಿಯಾಯಿತು. ನಮ್ಮ ಹಳೆಯ ಶಾಸನಗಳಲ್ಲಿ ರಾಜನ ಹೆಸರು ಬರುವ ಮೊದಲು ಬಿರುದುಗಳೇ ನಾಲ್ಕಾರು ಸಾಲು ಓಡುತ್ತವೆ. ಅದನ್ನು ಕೆತ್ತಿದವರ ವಂಶದಲ್ಲಿ ನಾನು ಹೇಗೆ ಹುಟ್ಟಿದೆನೋ. ಬಹುಶಃ ಹೊಗಳಿಕೆಯ ದಾಸ್ತಾನನ್ನೆಲ್ಲ ಅವರೇ ಖರ್ಚು ಮಾಡಿಬಿಟ್ಟಿದ್ದಾರೆ. ಕೊನೆಗೆ ಗುಣವಾಚಕಗಳ ಸಹವಾಸವೇ ಬೇಡವೆಂದು ನಡೆದದ್ದನ್ನು ನಡೆದ ಹಾಗೆ ಬರೆದೆ.

ನಡೆದದ್ದು ಇಷ್ಟು. ಕಳೆದ ವರ್ಷದ ನಾಟಕ ಒಬ್ಬ ಬಾಡಿಗೆದಾರ ಮತ್ತು ಮನೆಯ ಮಾಲೀಕನ ಜಗಳ. ನನಗೆ ಬೇಕಾಗಿದ್ದದ್ದು ಒಂದು ಬಾಗಿಲು, ಅಷ್ಟೆ. ಧೃತಿ ಎರಡು ವಾರ ಏನೂ ಮಾಡದೆ ತಾಲೀಮು ನೋಡಿದಳು. ಆಮೇಲೆ, "ಅಂಕಲ್, ಈ ಮನೇಲಿ ಚಪ್ಪಲಿ ಎಲ್ಲಿ ಬಿಡ್ತಾರೆ?" ಎಂದು ಕೇಳಿದಳು. ನಾನು ಅದನ್ನು ಯೋಚಿಸಿರಲಿಲ್ಲ. ಅವಳು ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಮನೆಯ ಬಾಗಿಲ ಪಕ್ಕದ ಗೋಡೆ ತೋರಿಸಿದಳು. ಸೊಂಟದ ಎತ್ತರದಲ್ಲಿ ಒಂದು ಮಾಸಲು ಕಲೆ. ಬಂದವರೆಲ್ಲ ಒಂದು ಕೈ ಅಲ್ಲಿ ಊರಿ, ಒಂಟಿ ಕಾಲಲ್ಲಿ ನಿಂತು ಶೂ ಬಿಚ್ಚುತ್ತಾರೆ. "ನಮ್ಮ ಎಲ್ಲರ ಮನೇಲೂ ಇದು ಇದೆ, ಅಂಕಲ್. ಬಿಲ್ಡರ್‌ಗೆ ಗೊತ್ತಿಲ್ಲ, ನಾವು ಇಲ್ಲಿ ಸ್ಟಾಪ್ ಆಗ್ತೀವಿ ಅಂತ." ಅವಳು ಬಾಗಿಲಿನ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ ಮಾಡಿದಳು, ಎರಡು ತುಂಡಾಗಿ ವ್ಯಾನಿನಲ್ಲಿ ಹಿಡಿಸುವಂತೆ. ಬಾಡಿಗೆದಾರ ಚಪ್ಪಲಿ ಬಿಡಲು ಅದರ ಮೇಲೆ ಕುಳಿತ. ಮಾಲೀಕ ನಿಂತೇ ಬೈದ. ಬೈದು ಬೈದು ಸುಸ್ತಾಗಿ ಅವನೂ ಪಕ್ಕದಲ್ಲಿ ಕುಳಿತ. ನಾನು ಬರೆದಿದ್ದ ಎರಡು ಪುಟದ ರಾಜಿ ಸಂಭಾಷಣೆ ಬೇಕಾಗಲೇ ಇಲ್ಲ. ಆ ಕಟ್ಟೆಯೇ ರಾಜಿ ಮಾಡಿಸಿತು. ಪ್ರದರ್ಶನ ಮುಗಿದ ಮೇಲೆ ಧೃತಿ ಬಂದು ಹೇಗಿತ್ತು ಅಂಕಲ್ ಎಂದು ಕೇಳಿದಳು. ನಾನು ಏನು ಹೇಳಿದೆ ಎಂದು ನಿಮಗೆ ಗೊತ್ತಿದೆ.

ಪತ್ರವನ್ನು ಗಿರಿಜಾ ಓದಿ, "ಇದನ್ನ ಮೊದಲೇ ಬರೀಲಿಕ್ಕೆ ಏನಾಗಿತ್ತು?" ಎಂದಳು.

ಕಳುಹಿಸಿದೆ. ಆದರೂ ಆರು ಗುಡ್‌ಗಳು ಅಲ್ಲೇ ಕುಳಿತಿದ್ದವು. ಧೃತಿಗೆ ಹೇಳಲೇಬೇಕು, ಅದೂ ಫಲಿತಾಂಶ ಬರುವ ಮೊದಲೇ ಹೇಳಬೇಕು ಎನಿಸಿತು. ಸೀಟು ಸಿಕ್ಕ ಮೇಲೆ ಹೇಳಿದರೆ ಅದು ತಮಾಷೆಯ ಪ್ರಸಂಗವಾಗುತ್ತದೆ, ತಪ್ಪಿದ ಮೇಲೆ ಹೇಳಿದರೆ ಅವಳು ನನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಕ್ಲಾರ್ಕ್ಸ್‌ಬರ್ಗಿಗೆ ಹೋದೆ. ಅವಳು ಗ್ಯಾರೇಜಿನಲ್ಲಿ ರಟ್ಟು ಕತ್ತರಿಸುತ್ತಿದ್ದಳು. ವರ್ಗಾವಣೆ ಪತ್ರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

"ಅದು ನನ್ನ ಫಸ್ಟ್ ಚಾಯ್ಸ್, ಅಂಕಲ್."

ಗೊತ್ತು ಎಂದೆ. ಅವಳು ಅಲಗನ್ನು ಒಳಗೆ ಎಳೆದು ಚಾಕುವನ್ನು ಬದಿಗಿಟ್ಟಳು. ಸ್ವಲ್ಪ ಹೊತ್ತು ರಟ್ಟಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ ಕೇಳಿದಳು:

"ಎಕ್ಸಲೆಂಟ್ ಯಾರಿಗೆ ಸೇವ್ ಮಾಡಿದ್ರಿ?"

 ವಾಪಸು ಬರುವಾಗ ದಾರಿಯುದ್ದಕ್ಕೂ ಅದಕ್ಕೆ ಉತ್ತರ ಹುಡುಕಿದೆ. ಐವತ್ತನಾಲ್ಕು ವರ್ಷವಾದ ಮನುಷ್ಯ; ಒಂದು ಮಾತನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಯಾರೋ ಬರುತ್ತಾರೆ ಎಂಬಂತೆ. ಯಾರು ಬರಬೇಕಿತ್ತು? ಬಂದವರೆಲ್ಲ ಬಂದಾಗಿದೆ. ಕೆಲವರು ಬಂದು, ಪರವಾಗಿಲ್ಲ ಎನ್ನಿಸಿಕೊಂಡು, ಹೊರಟೂ ಹೋಗಿದ್ದಾರೆ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು.

ಮಾರ್ಚಿನಲ್ಲಿ ಫಲಿತಾಂಶ ಬಂತು. ಕೆರೊಲಿನಾದವರು ಇಲ್ಲ ಎಂದರು. ಅಟ್ಲಾಂಟಾದ ಒಂದು ಕಡೆ, ನಾನು ಪತ್ರ ಬರೆಯದ ಕಡೆ, ಸೀಟು ಸಿಕ್ಕಿತು. ಇಲ್ಲ ಎನ್ನಲು ನನ್ನ ಗುಡ್ ಕಾರಣವೋ, ಬೇರೆ ನೂರು ಕಾರಣವೋ ಯಾರೂ ಹೇಳುವುದಿಲ್ಲ. ಕೇಳುವ ಹಾಗೂ ಇಲ್ಲ. ವಿಷಯ ತಿಳಿಸಲು ಅವಳೇ ಫೋನ್ ಮಾಡಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. ಅಟ್ಲಾಂಟಾ ಕೂಡ ಒಳ್ಳೆಯದೇ, ಬಿಸಿಲು ಜಾಸ್ತಿ, ಅಷ್ಟೆ ಎಂದಳು. ಈಗ ನನ್ನ ಮುಂದೆ ಯಾವ ಕೋಷ್ಟಕವೂ ಇರಲಿಲ್ಲ, ನನ್ನ ಮಾತು ಯಾವ ಕಡತಕ್ಕೂ ಸೇರುವಂತಿರಲಿಲ್ಲ.

"ಧೃತಿ, ನಿನ್ನ ಕೆಲಸ ಎಕ್ಸಲೆಂಟ್ ಕಣಮ್ಮ" ಎಂದೆ. 

 ಅವಳು ಎದ್ದು ನಡೆದ ಹೆಜ್ಜೆಯ ಸದ್ದು ಕೇಳಿಸಿತು.

"ಅಂಕಲ್, ಒಂದು ನಿಮಿಷ. ಸ್ಪೀಕರ್ ಆನ್ ಮಾಡ್ತೀನಿ. ಅಮ್ಮನ ಮುಂದೆ ಹೇಳ್ತೀರಾ?"

ಹೇಳಿದೆ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಅದರ ನಡುವೆ ವೀಣಾ ಅವರ ದನಿ ಕೇಳಿಸಿತು: "ಅಯ್ಯೋ, ಅಷ್ಟೆಲ್ಲಾ ಏನಿಲ್ಲ ಬಿಡಿ. ನೀವು ಸುಮ್ನೆ ಹೇಳ್ತೀರ."

ಕುಕ್ಕರ್ ನಿಲ್ಲುವವರೆಗೆ ಕಾದು, ಇನ್ನೊಂದು ಸಲ ಹೇಳಿದೆ, ಸ್ವಲ್ಪ ಜೋರಾಗಿ.