ಬ್ಯಾಡಗಿಯ ಮೆಹರ್ ಆಪಾ

ಮೆಹರ್ ಆಪಾ ಉಡುತ್ತಿದ್ದ ಬಿಳಿ ಸೀರೆಗಳೆಲ್ಲ ಹಿಂದುಗಡೆ ಕೆಂಪಾಗಿರುತ್ತಿದ್ದವು. ಎಷ್ಟು ಒಗೆದರೂ ಹೋಗದ ಮೆಣಸಿನಕಾಯಿಯ ಕೆಂಪು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಆಪಾ ಹೋಗಿ ಅದೇ ನೆಲದ ಮೇಲೆ, ಅವರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದರು. ಯಾರಾದರೂ ವ್ಯಾಪಾರಿ ಕುರ್ಚಿ ತಂದು ಹಾಕಿದರೆ, "ಕುರ್ಚಿ ಮ್ಯಾಲೆ ಕುಂತ್ರ ನನಗ ಇವರ ಮಾತು ಕೇಳಂಗಿಲ್ಲರಿ" ಎಂದು ನಗುತ್ತಿದ್ದರು. ನಗು ಮುಗಿಯುವ ಮೊದಲೇ ಘಾಟಿಗೆ ಸೀನು ಶುರುವಾಗುತ್ತಿತ್ತು. ಆಪಾರ ಸೀನು ನಿಲ್ಲುವವರೆಗೆ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನಗುತ್ತಿದ್ದರು.

ಹೆಸರು ಮೆಹರುನ್ನಿಸಾ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನ. ಧಾರವಾಡದಲ್ಲಿ ಓದಿ, ಅಲ್ಲೇ ಒಂದು ಸಂಸ್ಥೆಯಲ್ಲಿ ಹಳ್ಳಿಗಳ ಆರೋಗ್ಯ ಸಮೀಕ್ಷೆಯ ಕೆಲಸ ಮಾಡಿದ್ದರು. ಮದುವೆಯಾಗಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಆ ನೌಕರಿ ಬಿಟ್ಟು ಬಂದು ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಖೋಲಿ ಹಿಡಿದರು. 'ಜನಾರೋಗ್ಯ ಅಧ್ಯಯನ ಮತ್ತು ಸಲಹಾ ಕೇಂದ್ರ' ಎಂದು ಬೋರ್ಡು ಬರೆಸಿದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕೆಲಸಕ್ಕೆ ಕರೆದರು.

ಆರಂಭದ ದಿನ ಅವರ ತಮ್ಮ ಬಾಬುಸಾಬರು ಪೇಢೆಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೋರ್ಡು ಓದಿ ತಲೆ ಕೆರೆದುಕೊಂಡು, "ಆಪಾ, ಯಾರಿಗೆ ಸಲಹಾ ಕೊಡಾಕಿ ನೀನು?" ಎಂದು ಕೇಳಿದರು.

"ದವಾಖಾನಿ ಕಟ್ಟಾವರಿಗೆ, ನಳಾ ಹಾಕ್ಸಾವರಿಗೆ. ಮೊದ್ಲ ಮಂದೀನ ಕೇಳ್ರಿ ಅಂತ."

"ಇದಕ್ಕ ಆಫೀಸ ಬೇಕೇನು?"

"ಇಷ್ಟು ದಿನ ಯಾರರ ಕೇಳ್ಯಾರೇನು?"

ಬೋರ್ಡಿನಲ್ಲಿ ಆರೋಗ್ಯ ಎಂಬ ಮಾತಿದ್ದದ್ದರಿಂದ ಜನ ಅದನ್ನು ದವಾಖಾನೆ ಎಂದೇ ತಿಳಿದರು. ಕೆಮ್ಮುವ ಮುದುಕರು, ಜ್ವರದ ಕೂಸು ಎತ್ತಿಕೊಂಡ ತಾಯಂದಿರು ಮೇಲೆ ಹತ್ತಿ ಬರುತ್ತಿದ್ದರು. ಆಪಾ ಯಾರನ್ನೂ ವಾಪಸು ಕಳಿಸಲಿಲ್ಲ. ಮೊದಲು ನೀರು ಕೊಟ್ಟು ಕೂರಿಸಿ, ಆಮೇಲೆ ತಾವೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

ಮನೆಮನೆಯ ಮಾತು ಕೇಳಲು ಹಳ್ಳಿಗೆ ಹೋದರೆ, ಸಂಜೆ ಹಿಂತಿರುಗುವಾಗ ಅವರ ಪ್ರಶ್ನೆ ಒಂದೇ: "ಇವತ್ತ ಯಾರನ್ನ ಬಿಟ್ಟು ಬಂದೀವಿ?" ಒಮ್ಮೆ ಕುಪ್ಪೇಲೂರಿನಿಂದ ಹೊರಟ ಬಸ್ಸಿನಲ್ಲಿ ಹೀಗೆ ಕೇಳಿದಾಗ, ಊರ ಕೊನೆಯ ಮನೆಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳಿದ್ದಾಳೆಂದೂ, ಅವಳಿಗೇನು ಗೊತ್ತಾಗುತ್ತದೆ ಎಂದು ಮನೆಯವರು ಹೇಳಿದರೆಂದೂ ತಿಳಿಸಿದೆ. ಆಪಾ ಎದ್ದು ಕಂಡಕ್ಟರನಿಗೆ ಬಸ್ ನಿಲ್ಲಿಸಲು ಹೇಳಿದರು. ನಾವು ಹೊಲದ ದಾರಿಯಲ್ಲಿ ನಡೆದು ಹಿಂತಿರುಗಿದೆವು. ಆ ಮುದುಕಿ ಆಪಾರ ಕೈ ಹಿಡಿದುಕೊಂಡು ಮಾತಾಡಿದ್ದೇ ಮಾತಾಡಿದ್ದು. ಬಯಲಿಗೆ ಕರೆದೊಯ್ಯುವವರಿಲ್ಲದೆ, ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ನಮಗೆ ಸಿಕ್ಕ ದೊಡ್ಡ ಕೆಲಸ ಬ್ಯಾಡಗಿಯದೇ. ಪಟ್ಟಣದ ಸಂಸ್ಥೆಯೊಂದು ತೊಟ್ಟು ಮುರಿಯುವ ಹೆಂಗಸರ ಕೆಮ್ಮಿನ ಬಗ್ಗೆ ತಿಳಿಯಬೇಕೆಂದಿತು. ಆದರೆ ಹೆಂಗಸರು ಕೆಮ್ಮಿನ ಮಾತೆತ್ತಲಿಲ್ಲ. ಫಕ್ಕೀರವ್ವ ಎಂಬಾಕೆ ಅಂಗೈ ಚಾಚಿ ತೋರಿಸಿದಳು: "ಈ ಕೈಲೆ ಕೂಸಿನ ಹೆಂಗ ಮುಟ್ಟಲ್ರಿ? ಮಲಿ ಕುಡ್ಯಾಕ ಬಂದು ಚೀರ್ತೈತಿ. ಕೈ ತೊಳ್ಯಾಕ ನೀರಿಲ್ಲ ಇಲ್ಲಿ."

ವರದಿ ಸಿದ್ಧವಾದಾಗ ಸಂಸ್ಥೆಯವರು ಜೀಪಿನಲ್ಲಿ ಬಂದು, ಅದನ್ನು ತಮಗೆ ಕೊಡಬೇಕೆಂದರು. ಆಪಾ, "ಮೊದ್ಲ ಅವರಿಗೆ ಓದಬೇಕ್ರಿ. ಅವರ ಮೈಯಿನ ಸುದ್ದಿ ಅದು" ಎಂದು ಅವರನ್ನೂ ಮಾರುಕಟ್ಟೆಗೆ ಕರೆದೊಯ್ದರು. ಬೇವಿನ ಮರದ ಕೆಳಗೆ ನಾನು ಓದಿದೆ. ಜೀಪಿನವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಫಕ್ಕೀರವ್ವ ನಡುವೆ ತಡೆದಳು. "ನಾ 'ತೊಂದರೆ' ಅಂದಿಲ್ಲವ್ವಾ. ಉರಿ ಅಂದೇನಿ. ಉರಿ ಅಂತ ಬರಿ." ಆಪಾ ಪೆನ್ನು ತೆಗೆದು ತಿದ್ದಿದರು. ಮರುವರ್ಷ ಮಾರುಕಟ್ಟೆಯ ಮೂಲೆಯಲ್ಲಿ ನಳವೊಂದು ಬಂತು.

ತೊಂಬತ್ತರ ದಶಕದ ನಡುವೆ ಆಪಾ ಸೊರಗತೊಡಗಿದರು. ಊಟ ಸೇರುತ್ತಿರಲಿಲ್ಲ. ಬಾಬುಸಾಬರೂ ನಾನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರರು ತಮ್ಮನನ್ನು ಮಾತ್ರ ಒಳಗೆ ಕರೆದರು. ಆಪಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಹೊರಬಂದ ಬಾಬುಸಾಬರು, "ಹೊಟ್ಟ್ಯಾಗ ಹುಣ್ಣಂತ ಆಪಾ, ಗುಳಗಿ ಕೊಟ್ಟಾರ" ಎಂದರು. ಔಷಧಿ ಅಂಗಡಿಯ ಮುಂದೆ ನನಗೆ ನಿಜ ಹೇಳಿದರು. ಕ್ಯಾನ್ಸರ್, ಎಲ್ಲ ಕಡೆ ಹಬ್ಬಿತ್ತು. "ಆಪಾಗ ಹೇಳಬ್ಯಾಡ ತಂಗಿ, ಕೈ ಮುಗೀತೀನಿ. ಎದಿ ಒಡಕೋತಾಳ" ಎಂದು ಅತ್ತರು.

ನಾನು ಹೇಳಲಿಲ್ಲ. ಹೋದಾಗಲೆಲ್ಲ ಹುಣ್ಣಿನ ಪಥ್ಯದ ಮಾತಾಡಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಬ್ಯಾಡಗಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆಪಾ ದಿಂಬಿಗೆ ಒರಗಿಕೊಂಡು ಕೇಳಿದರು:

"ಗಿರಿಜಾ, ಡಾಕ್ಟರ್ ಏನಂದ್ರು?"

"ಹುಣ್ಣಂತ್ರಿ ಆಪಾ."

"ಅದು ಬಾಬು ಹೇಳಿದ್ದು. ನಾ ಡಾಕ್ಟರ್ ಹೇಳಿದ್ದು ಕೇಳಾಕತ್ತೇನಿ."

ನಾನು ಗುಳಗಿಯ ಪೊಟ್ಟಣ ಸರಿಸಿಡತೊಡಗಿದೆ. "ಅಂಜಬ್ಯಾಡ" ಎಂದರು ಮೆಲ್ಲಗೆ. "ಎಲ್ಲಾರೂ ನನ್ನ ಮುಂದ ನಗಾಕತ್ತೀರಿ. ನಾ ಒಬ್ಬಾಕಿನ ಬ್ಯಾರೆ ಕುಂತಂಗ ಆಗೇದ."

ಆ ಮಾತಿಗೆ ನನ್ನಿಂದ ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ಕೂತು ಗೊತ್ತಿದ್ದಷ್ಟನ್ನೂ ಹೇಳಿಬಿಟ್ಟೆ. ಆಪಾ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ನಿಂತಿತು. ಸೆರಗಿನಿಂದ ಅದನ್ನು ಒರೆಸಿಕೊಂಡು ಅವರು ಆಡಿದ ಮೊದಲ ಮಾತು: "ಇಷ್ಟು ದಿನ ಬಾಬು ಒಬ್ಬನ ಇದನ್ನ ಹೊತ್ತಾನೇನು?"

ತಮ್ಮನನ್ನು ಕರೆಸಿದರು. ಬಾಗಿಲಲ್ಲಿ ನನ್ನ ಮುಖ ನೋಡಿಯೇ ಬಾಬುಸಾಬರಿಗೆ ಗೊತ್ತಾಯಿತು. "ಏನ್ ಮಾಡಿದಿ ತಂಗಿ!" ಎಂದು ಕೂಗಿದರು. "ಆಕಿಗೆ ಬೈಬ್ಯಾಡ. ಬಾ, ಇಲ್ಲಿ ಕುಂದ್ರು" ಎಂದು ಆಪಾ ಹಾಸಿಗೆಯಲ್ಲಿ ಜಾಗ ಮಾಡಿದರು. ಅಷ್ಟು ದೊಡ್ಡ ಆಳು ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತರು. ಇಬ್ಬರೂ ತಮ್ಮ ಉರ್ದುವಿನಲ್ಲಿ ಮಾತಾಡತೊಡಗಿದಾಗ ನಾನು ಚಪ್ಪಲಿ ಮೆಟ್ಟಿ ಹೊರಬಂದೆ.

ಆಪಾ ಆ ವರ್ಷದ ಮುಂಗಾರು ಕಾಣಲಿಲ್ಲ. ರಾಣೆಬೆನ್ನೂರಿನ ಕೇಂದ್ರವನ್ನು ಕೆಲವು ತಿಂಗಳು ನಾನೇ ನಡೆಸಿದೆ. ಕೆಲಸ ಹುಡುಕಿ ತರುವ ಶಕ್ತಿ ನನಗಿರಲಿಲ್ಲ. ಖೋಲಿಯ ಬೀಗದ ಕೈ ಮಾಲೀಕರಿಗೆ ಕೊಟ್ಟು ಹಾವೇರಿಯಲ್ಲಿ ನೌಕರಿಗೆ ಸೇರಿದೆ. ಬಾಬುಸಾಬರು ನನ್ನೊಡನೆ ಮಾತು ಬಿಟ್ಟಿರಬಹುದೆಂದು ಬ್ಯಾಡಗಿಯ ಕಡೆ ಹೋಗಿರಲಿಲ್ಲ. ಒಮ್ಮೆ ಹಾವೇರಿ ಸ್ಟ್ಯಾಂಡಿನಲ್ಲಿ ಅವರೇ ಕಂಡು, ಚಹಾ ತರಿಸಿ, ತಮ್ಮ ಬಟ್ಟಲಿನತ್ತ ನೋಡುತ್ತ ಹೇಳಿದರು: "ಕಡೀಕ ನಾವಿಬ್ರೂ ಭಾಳ ಮಾತಾಡಿದ್ವಿ ತಂಗಿ. ಅಮ್ಮೀದು, ಅಬ್ಬಾದು, ಸಣ್ಣವರಿದ್ದಾಗಿಂದು. ನೀ ಹೇಳದಿದ್ರ ನಾ ಗುಳಗಿ ಸುದ್ದೀನ ಹೇಳಕೋತ ಆಕೀನ ಕಳಿಸಿಬಿಡ್ತಿದ್ದೆ."

ಚಹಾ ಆರುತ್ತಿತ್ತು. ಇಬ್ಬರೂ ಕುಡಿಯಲಿಲ್ಲ.